‘ಗೊಬ್ನಿಟ್’ ಎಂಬ ಐರಿಷ್ ಹೆಸರಿನ ಅರ್ಥವೇನು: ಆನಂದವೋ, ಜೇನೋ, ಕುಲುಮೆಯೋ?

ಕಾರ್ಕ್ ಕನ್ನಡತಿ

ಎಲ್ಲರಿಗೂ ನಮಸ್ಕಾರ. ನಾವು ಆರು ವರ್ಷಗಳಿಂದ ಐರ್ಲೆಂಡಿನ ಕಾರ್ಕ್ ನಗರದಲ್ಲಿ ನೆಲೆಸಿದ್ದೇವೆ. ಈ ವರ್ಷದ ಫೆಬ್ರವರಿ 11ರಂದು ನಮಗೆ ಹೆಣ್ಣುಮಗು ಹುಟ್ಟಿತು. ಮಗುವಿಗೆ ನನ್ನ ಅಜ್ಜಿಯ ಹೆಸರನ್ನಿಡಬೇಕೆಂಬುದು ಮೊದಲೇ ತೀರ್ಮಾನವಾಗಿದ್ದರೂ, ಅವಳು ಹುಟ್ಟಿದ ನೆಲದ ಹೆಸರೊಂದು ಜೊತೆಯಲ್ಲಿರಲಿ ಎಂಬ ಆಸೆ ನಮ್ಮಿಬ್ಬರಿಗೂ ಇದೆ.

ನಾನು ಬಸುರಿಯಾಗಿದ್ದಾಗ ಪಕ್ಕದ ಮನೆಯ ಹಿರಿಯ ಹೆಂಗಸು ಒಂದು ನೀಲಿ ರಿಬ್ಬನ್ ತಂದುಕೊಟ್ಟು, ದಿಂಬಿನ ಕೆಳಗೆ ಇಟ್ಟುಕೊಳ್ಳಲು ಹೇಳಿದ್ದರು. ಬೆರಳಗಲದ, ಮೊಳಕ್ಕಿಂತ ಸ್ವಲ್ಪ ಉದ್ದದ ಸಾಧಾರಣ ಸ್ಯಾಟಿನ್ ರಿಬ್ಬನ್ ಅದು. ಎರಡು ತುದಿಗಳೂ ಎಳೆಬಿಟ್ಟಿದ್ದವು. ಅದು ಸಂತ ಗೊಬ್ನಿಟ್‌ಳ ‘ಅಳತೆ’ ಎಂದಷ್ಟೇ ಅವರು ಅಂದು ತಿಳಿಸಿದ್ದರು. ಮಗು ಹುಟ್ಟಿದ ತಾರೀಖನ್ನು ಕೇಳಿದೊಡನೆ ಅವರ ಕಣ್ಣು ತುಂಬಿ ಬಂತು. ಅದು ಆ ಸಂತಳ ಹಬ್ಬದ ದಿನವಂತೆ. ‘ಹಾಗಾದರೆ ಇವಳು ಗೊಬ್ನಿಟ್’ ಎಂದು ಅವರೇ ಹೆಸರಿಟ್ಟುಬಿಟ್ಟರು.

ಅರ್ಥ ತಿಳಿಯದ ಹೆಸರನ್ನು ತೊಟ್ಟಿಲಲ್ಲಿ ಕೂಗಬಾರದು ಎಂಬುದು ನಮ್ಮ ಅತ್ತೆಯವರ ಮಾತು, ಅದು ನನಗೂ ಒಪ್ಪಿಗೆ. ಆದರೆ ಹುಡುಕಿದಲ್ಲೆಲ್ಲ ಬೇರೆ ಬೇರೆ ಅರ್ಥ ಸಿಗುತ್ತಿದೆ. ಮಕ್ಕಳ ಹೆಸರುಗಳ ಪಟ್ಟಿಗಳಲ್ಲಿ ‘ಆನಂದ ತರುವವಳು’ ಎಂದಿದೆ, ಇನ್ನು ಕೆಲವರು ‘ಜೇನ್ನೊಣ’ ಎನ್ನುತ್ತಾರೆ, ಒಂದು ಕಡೆ ‘ಕಮ್ಮಾರ’ ಎಂದೂ ಓದಿದೆ. ಇವುಗಳಲ್ಲಿ ಯಾವುದು ನಿಜ? ಇಲ್ಲಿ ಮಗು ಹುಟ್ಟಿದ ಮೂರು ತಿಂಗಳೊಳಗೆ ಜನನ ನೋಂದಣಿ ಮಾಡಿಸಬೇಕಾಗಿರುವುದರಿಂದ ಬಲ್ಲವರು ದಯವಿಟ್ಟು ಬೇಗ ತಿಳಿಸಿ.

ಪದಮೂಲ

ಮೊದಲಿಗೆ ಮಗುವಿಗೂ ತಾಯಿಗೂ ಶುಭಾಶಯಗಳು. ನಾನು ಕೆಲವು ವರ್ಷ ಕಾರ್ಕ್‌ನಲ್ಲಿದ್ದು ಸಂಜೆ ತರಗತಿಗಳಲ್ಲಿ ಐರಿಷ್ ಕಲಿತವನು. ಈ ಹೆಸರಿನ ಮೇಲೆ ನನಗೆ ವಿಶೇಷವಾದ ಪ್ರೀತಿ ಇರುವುದರಿಂದ ಉತ್ತರ ದೀರ್ಘವಾದರೆ ಸಹಿಸಿಕೊಳ್ಳಿ. ನಿಮಗೆ ಸಿಕ್ಕಿರುವ ಮೂರು ಅರ್ಥಗಳಲ್ಲಿ ಒಂದು ಮಾತ್ರ ಈ ಹೆಸರಿನದು. ಉಳಿದೆರಡು ಬೇರೆ ಎರಡು ಹೆಸರುಗಳಿಂದ ಬಂದು ಇದಕ್ಕೆ ಅಂಟಿಕೊಂಡಿವೆ.

‘ಆನಂದ’ ಎಂಬ ಅರ್ಥ ಅಬಿಗೇಲ್ ಎಂಬ ಹೀಬ್ರೂ ಹೆಸರಿಗೆ ಸೇರಿದ್ದು. ಅದಕ್ಕೆ ‘ನನ್ನ ತಂದೆಯ ಆನಂದ’ ಎಂದರ್ಥ. ಐರ್ಲೆಂಡಿನಲ್ಲಿ ಆಡಳಿತವೂ ಶಾಲೆಯೂ ಇಂಗ್ಲಿಷಿನದಾದಾಗ, ಅದರಲ್ಲೂ 1831ರಲ್ಲಿ ರಾಷ್ಟ್ರೀಯ ಶಾಲಾ ವ್ಯವಸ್ಥೆ ಆರಂಭವಾದ ಮೇಲೆ, ಮನೆಯಲ್ಲಿ ಐರಿಷ್ ಹೆಸರಿನಿಂದ ಕರೆಸಿಕೊಳ್ಳುತ್ತಿದ್ದ ಮಕ್ಕಳಿಗೆ ದಾಖಲೆಯಲ್ಲಿ ಇಂಗ್ಲಿಷ್ ಹೆಸರೊಂದನ್ನು ಬರೆಯುವ ರೂಢಿ ಬೇರೂರಿತು. ಬಹುತೇಕ ಐರಿಷ್ ಹೆಸರುಗಳಿಗೆ ಇಂತಹ ‘ಜೋಡಿ’ ಹೆಸರು ಇರುತ್ತಿತ್ತು. ಹಲವು ಜೋಡಿಗಳಿಗೆ ಅರ್ಥದ ನಂಟು ಇರಲೇ ಇಲ್ಲ. ಗೊಬ್ನಿಟ್‌ಗೆ ಜೋಡಿಯಾಗಿ ಬಂದದ್ದು ಅಬಿಗೇಲ್, ಅದರ ಮೊಟಕು ರೂಪವಾದ ಆ್ಯಬಿ. 1901 ಮತ್ತು 1911ರ ಐರಿಷ್ ಜನಗಣತಿಯ ಹಾಳೆಗಳನ್ನು ಅಲ್ಲಿನ ರಾಷ್ಟ್ರೀಯ ಪತ್ರಾಗಾರ ಅಂತರ್ಜಾಲದಲ್ಲಿ ಉಚಿತವಾಗಿ ಒದಗಿಸಿದೆ. ಅವುಗಳಲ್ಲಿ ಕಾರ್ಕ್ ಮತ್ತು ಕೆರಿ ಜಿಲ್ಲೆಗಳ ಹಳ್ಳಿಗಳ ಅಬಿಗೇಲ್‌ಗಳನ್ನು ಕಂಡಾಗ, ಅವರಲ್ಲಿ ಅನೇಕರು ಮನೆಯಲ್ಲಿ ಗೊಬ್ನಿಟ್ ಆಗಿದ್ದವರೆಂದೇ ತಿಳಿಯಬೇಕು. ಪಟ್ಟಿ ಮಾಡಿದವರು ಅಬಿಗೇಲ್‌ಳ ಅರ್ಥವನ್ನು ತಂದು ಗೊಬ್ನಿಟ್‌ಳ ಎದುರಿಗೆ ಬರೆದರು. ಒಬ್ಬರದನ್ನು ಇನ್ನೊಬ್ಬರು ನಕಲು ಮಾಡಿದರು.

‘ಜೇನ್ನೊಣ’ದ ಕಥೆಯೂ ಹೀಗೆಯೇ. ಹೀಬ್ರೂ ಭಾಷೆಯಲ್ಲಿ ಡೆಬೊರಾ ಎಂದರೆ ಜೇನ್ನೊಣ. ಸಂತ ಗೊಬ್ನಿಟ್ ಜೇನುಗಳ ಮತ್ತು ಜೇನು ಸಾಕುವವರ ರಕ್ಷಕಿಯಾದ್ದರಿಂದ, ಕೆಲವು ಗೊಬ್ನಿಟ್‌ಗಳು ಇಂಗ್ಲಿಷಿನಲ್ಲಿ ಡೆಬೊರಾ ಆದರು. ಈ ಜೋಡಿಗೆ ಕಾರಣವೊಂದಿದೆ, ಆದರೆ ಆ ಕಾರಣ ಇರುವುದು ಸಂತಳ ಚರಿತ್ರೆಯಲ್ಲಿಯೇ ಹೊರತು ಪದದಲ್ಲಿ ಅಲ್ಲ. ಐರಿಷಿನಲ್ಲಿ ಜೇನ್ನೊಣಕ್ಕೆ ‘ಬ್ಯಾಖ್’ ಎನ್ನುತ್ತಾರೆ, ಜೇನುತುಪ್ಪಕ್ಕೆ ‘ಮಿಲ್’. ಈ ಎರಡರ ಸುಳಿವೂ ಗೊಬ್ನಿಟ್ ಎಂಬ ಪದದೊಳಗೆ ಇಲ್ಲ.

ಇನ್ನು ಉಳಿದದ್ದು ಕುಲುಮೆ. ಹಳೆಯ ಐರಿಷಿನಲ್ಲಿ ಕಮ್ಮಾರನಿಗೆ ‘ಗೊಬೆ’ ಎನ್ನುತ್ತಿದ್ದರು. ಷಷ್ಠಿಯಲ್ಲಿ ಅದು ‘ಗೊಬನ್’ ಆಗುತ್ತಿತ್ತು. ಇಂದಿನ ಐರಿಷಿನಲ್ಲಿ ಅದೇ ಪದ ಸವೆದು ಹೆಚ್ಚುಕಡಿಮೆ ‘ಗೌ’ ಎಂದು ಕೇಳಿಸುತ್ತದೆ. ಐರ್ಲೆಂಡಿನಲ್ಲಿ ಮೆಗೌನ್ ಎಂಬ ಮನೆತನದ ಹೆಸರನ್ನು ನೀವು ಕೇಳಿರಬಹುದು, ಅದಕ್ಕೆ ‘ಕಮ್ಮಾರನ ಮಗ’ ಎಂದರ್ಥ. ಐರಿಷ್ ಪುರಾಣದ ದೈವೀ ಕಮ್ಮಾರ ಗೊವ್ನ್ಯು, ವೇಲ್ಸ್ ದೇಶದ ಕಥೆಗಳ ಗೊವಾನನ್, ಇವರೆಲ್ಲ ಇದೇ ಬೇರಿನವರು.

‘-ನಿಟ್’ ಎಂಬುದು ಹೆಣ್ಣುಹೆಸರಿಗೆ ಹಚ್ಚುವ ಅಕ್ಕರೆಯ ಪ್ರತ್ಯಯ. ಗಂಡುಹೆಸರಿಗೆ ‘-ಆನ್’ ಹಚ್ಚುತ್ತಾರೆ. ಐರಿಷಿನಲ್ಲಿ ‘ರೋನ್’ ಎಂದರೆ ಕಡಲನಾಯಿ, ಎಂದರೆ ಸೀಲ್ ಎಂಬ ಪ್ರಾಣಿ. ಅದರಿಂದ ಗಂಡಿಗೆ ರೋನಾನ್, ಹೆಣ್ಣಿಗೆ ರೋನ್ನಿಟ್. ‘ಬ್ಲಾಹ್’ ಎಂದರೆ ಹೂವು. ಅದರಿಂದ ಬ್ಲಾಹ್ನಿಟ್, ಪುಟ್ಟ ಹೂವು. ಅದೇ ರೀತಿಯಲ್ಲಿ ಗಂಡು ಗೊಬ್ಬಾನ್, ಹೆಣ್ಣು ಗೊಬ್ನಿಟ್. ಕನ್ನಡದಲ್ಲಿ ಹೇಳುವುದಾದರೆ ‘ಕಮ್ಮಾರರ ಪುಟ್ಟಿ’ ಎನ್ನಬಹುದು. ಐರಿಷ್ ಜನಪದ ಕಥೆಗಳ ಮಹಾಶಿಲ್ಪಿಯ ಹೆಸರೂ ಗೊಬ್ಬಾನ್ ಎಂದೇ. ನಮ್ಮಲ್ಲಿ ಒಂದೇ ರಾತ್ರಿಯಲ್ಲಿ ದೇವಸ್ಥಾನ ಕಟ್ಟಿದ ಕಥೆಗಳೆಲ್ಲ ಜಕಣಾಚಾರಿಯ ಹೆಸರಿಗೆ ಸೇರುವಂತೆ, ಅಲ್ಲಿ ಕಟ್ಟಿದವರು ಯಾರೆಂದು ತಿಳಿಯದ ಹಳೆಯ ಗೋಪುರಗಳೆಲ್ಲ ಅವನ ಲೆಕ್ಕಕ್ಕೆ ಸೇರುತ್ತವೆ.

ಹಳೇ ಮೈಸೂರು

ವಿವರಣೆಗೆ ಧನ್ಯವಾದಗಳು. ಆದರೆ ನನಗೆ ಒಂದು ಸಂಶಯವೂ ಒಂದು ಚಿಂತೆಯೂ ಇವೆ. ಸಂಶಯ ಇದು: ‘ಗೊಬೆ’ ಎಂಬ ಪದ ಸವೆದು ‘ಗೌ’ ಆಗಿದೆ, ದೇವತೆಯ ಹೆಸರಿನಲ್ಲಿಯೂ ಬಕಾರ ಹೋಗಿ ವಕಾರ ಉಳಿದಿದೆ. ಹಾಗಿದ್ದ ಮೇಲೆ ಗೊಬ್ನಿಟ್‌ನಲ್ಲಿ ಮಾತ್ರ ಬಕಾರ ಗಟ್ಟಿಯಾಗಿ ಉಳಿದದ್ದು ಹೇಗೆ? ಐರಿಷಿನಲ್ಲಿ ‘ಗೊಬ್’ ಎಂದರೆ ಹಕ್ಕಿಯ ಕೊಕ್ಕು ಎಂಬ ಪದವೂ ಇದೆಯಲ್ಲ, ಹೆಸರು ಅದರಿಂದಲೇ ಬಂದಿರಬಾರದೇಕೆ?

ಚಿಂತೆ ಇದು: ಆ ‘ಗೊಬ್’ ಇಂಗ್ಲಿಷಿನ ಆಡುಮಾತಿನಲ್ಲಿ ‘ಬಾಯಿ’ ಎಂಬ ಒರಟು ಪದವಾಗಿದೆ. ಕನ್ನಡದ ಕಿವಿಗೋ ಮೊದಲು ಕೇಳಿಸುವುದು ಗೊಬ್ಬರ. ಎರಡೂ ಕಡೆಯ ಮಕ್ಕಳು ಆಡಿಕೊಳ್ಳುವಂತಹ ಹೆಸರನ್ನು ಕೂಸಿನ ತಲೆಗೆ ಕಟ್ಟುವ ಮುನ್ನ ದಯವಿಟ್ಟು ಯೋಚಿಸಿ.

ಪದಮೂಲ

ಸಂಶಯ ಸರಿಯಾದ ಜಾಗದಲ್ಲಿಯೇ ಇದೆ. ಗೊಬ್ಬಾನ್ ಎಂಬ ರೂಪದಲ್ಲಿ ಬಕಾರ ಒತ್ತಾಗಿರುವುದನ್ನು ಗಮನಿಸಿ. ಮುದ್ದಿನ ಹೆಸರುಗಳಲ್ಲಿ ವ್ಯಂಜನವನ್ನು ಒತ್ತಿ ಹೇಳುವುದು ಹಳೆಯ ಐರಿಷಿನಲ್ಲಿ ಇತ್ತು, ಕನ್ನಡದಲ್ಲಿ ಈಗಲೂ ಇದೆ: ಕೃಷ್ಣ ಕಿಟ್ಟಿಯಾಗುತ್ತಾನೆ, ಲಕ್ಷ್ಮಿ ಲಚ್ಚಿಯಾಗುತ್ತಾಳೆ, ಸುಬ್ರಹ್ಮಣ್ಯ ಸುಬ್ಬುವಾಗುತ್ತಾನೆ. ಒಂಟಿ ಬಕಾರ ಸ್ವರಗಳ ನಡುವೆ ಸವೆದು ವಕಾರವಾಯಿತು, ಒತ್ತಿ ಹೇಳಿದ ಬಕಾರ ಸವೆಯದೆ ಉಳಿಯಿತು. ಕೊಕ್ಕಿನ ವಿಚಾರವನ್ನು ಹಿಂದೆಯೂ ಕೆಲವರು ಹೇಳಿದ್ದುಂಟು. ಆದರೆ ಗೊಬ್ಬಾನ್ ಎಂಬ ಜೋಡಿ ಗಂಡುಹೆಸರು ಕುಶಲಕರ್ಮಿಯದಾಗಿರುವುದನ್ನೂ, ಸಂತಳ ಊರಿನ ನೆಲದೊಳಗೆ ಸಿಕ್ಕಿದ ವಸ್ತುಗಳನ್ನೂ ಒಟ್ಟಿಗೆ ನೋಡಿದರೆ ಕಮ್ಮಾರನ ಪಕ್ಷವೇ ಬಲವಾದದ್ದು ಎಂಬುದು ನನ್ನ ದೃಢ ಅಭಿಪ್ರಾಯ.

ನೆಲದೊಳಗಿನ ಮಾತು ಬಂದದ್ದರಿಂದ ಅದನ್ನು ಬಿಡಿಸಿ ಹೇಳುತ್ತೇನೆ. ಕಾರ್ಕ್ ಜಿಲ್ಲೆಯ ಪಶ್ಚಿಮ ಭಾಗದಲ್ಲಿ, ಮಕ್ರೂಮ್ ಮತ್ತು ಕಿಲಾರ್ನಿ ಊರುಗಳ ನಡುವೆ, ಸುಲಾನ್ ನದಿಯ ಕಣಿವೆಯಲ್ಲಿ ಬ್ಯಾಲಿವೂರ್ನಿ ಎಂಬ ಊರಿದೆ. ಇಂದಿಗೂ ಐರಿಷ್ ಮಾತನಾಡುವ ಪ್ರದೇಶ ಅದು. ಸಂಪ್ರದಾಯದ ಪ್ರಕಾರ ಗೊಬ್ನಿಟ್ 6ನೆಯ ಶತಮಾನದವಳು. ಕ್ಲೇರ್ ಜಿಲ್ಲೆಯಲ್ಲಿ ಹುಟ್ಟಿ, ಮನೆತನದ ಜಗಳದಿಂದ ತಪ್ಪಿಸಿಕೊಂಡು ಅರಾನ್ ದ್ವೀಪಗಳಲ್ಲಿ ಅತಿ ಚಿಕ್ಕದಾದ ಇನಿಶೀರ್‌ಗೆ ಓಡಿಹೋದಳು. ಅಲ್ಲಿ ಅವಳ ಹೆಸರಿನ ಪುಟ್ಟ ಕಲ್ಲಿನ ಚರ್ಚು ಈಗಲೂ ಪಾಳುಬಿದ್ದು ನಿಂತಿದೆ. ‘ಒಂಬತ್ತು ಬಿಳಿ ಜಿಂಕೆಗಳು ಒಟ್ಟಿಗೆ ಮೇಯುವುದನ್ನು ಕಾಣುವ ಜಾಗದಲ್ಲಿ ನಿಲ್ಲು’ ಎಂದು ದೇವದೂತನೊಬ್ಬ ಹೇಳಿದನಂತೆ. ಕ್ಲಾನ್‌ಡ್ರೊಹಿಡ್‌ನಲ್ಲಿ ಮೂರು ಜಿಂಕೆ ಕಂಡಳು, ಬ್ಯಾಲಿಮಕೀರದಲ್ಲಿ ಆರು, ಬ್ಯಾಲಿವೂರ್ನಿಯಲ್ಲಿ ಒಂಬತ್ತು.

ಆ ಊರಿನಲ್ಲಿ ‘ಗೊಬ್ನಿಟ್‌ಳ ಮನೆ’ ಎಂದು ಜನ ಕರೆಯುವ ಒಂದು ದುಂಡನೆಯ ಕಲ್ಲಿನ ಕಟ್ಟಡದ ಅವಶೇಷವನ್ನು ಕಾರ್ಕ್ ವಿಶ್ವವಿದ್ಯಾಲಯ ಕಾಲೇಜಿನ ಪ್ರಾಧ್ಯಾಪಕ ಎಂ. ಜೆ. ಒಕೆಲಿ ಅವರು 1951ರಲ್ಲಿ ಅಗೆಸಿದರು. ಮುಂದೆ ನ್ಯೂಗ್ರೇಂಜ್ ಎಂಬ ಶಿಲಾಯುಗದ ಮಹಾಸಮಾಧಿಯನ್ನು ಅಗೆದು ಪ್ರಸಿದ್ಧರಾದವರು ಇವರೇ. ಭಕ್ತರು ಸಂನ್ಯಾಸಿನಿಯ ಕುಟೀರವೆಂದು ಭಾವಿಸಿದ್ದ ಆ ಜಾಗದಲ್ಲಿ ಅವರಿಗೆ ಸಿಕ್ಕಿದ್ದು ಕಬ್ಬಿಣದ ಕಿಟ್ಟ, ಕುಲುಮೆಯ ತಳದಲ್ಲಿ ಗಟ್ಟಿಕಟ್ಟಿದ ಉಂಡೆಗಳು, ಮೂಸೆಯ ಚೂರುಗಳು. ಕಮ್ಮಾರರ ಪುಟ್ಟಿ ಎಂಬ ಹೆಸರಿನವಳ ಅಂಗಳದಲ್ಲಿಯೇ ಕಬ್ಬಿಣ ಕಾಯಿಸಿ ಬಡಿದ ಗುರುತು ಸಿಕ್ಕಿದ್ದನ್ನು ನಾನು ಮೊದಲ ಬಾರಿ ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಚಿಂತೆಯ ಬಗ್ಗೆ: ಹೆಸರನ್ನು ಕೇಳಿ ನಕ್ಕವರಿದ್ದಾರೆ ಎಂಬುದು ನಿಜ, ಹೆಸರು ಅಪರೂಪವಾದದ್ದಕ್ಕೆ ಇಂಗ್ಲಿಷಿನ ಆ ಒರಟು ಪದವೂ ಒಂದು ಕಾರಣವೆಂದೇ ನನ್ನ ಎಣಿಕೆ. ಆದರೆ ಮನ್‌ಸ್ಟರ್ ಪ್ರಾಂತ್ಯದ ಹಳಬರ ಬಾಯಲ್ಲಿ ಬಕಾರ ನಕಾರಗಳ ನಡುವೆ ಒಂದು ಕಿರುಸ್ವರ ಸೇರಿ ‘ಗೊಬನಿಟ್’ ಎಂದಾಗುತ್ತದೆ; ಹಳೆಯ ಇಂಗ್ಲಿಷ್ ಬರಹಗಳಲ್ಲಿ ‘ಗೊಬಿನೆಟ್’ ಎಂಬ ರೂಪವೂ ಇದೆ. ನಮ್ಮ ದಾಸರ ಪದಗಳಲ್ಲಿ ಭಕ್ತಿ ಬಕುತಿಯಾಗಿ, ಮುಕ್ತಿ ಮುಕುತಿಯಾಗಿ, ರತ್ನ ರತುನವಾಗಿ ಮೃದುವಾಗುವುದೂ ಹೀಗೆಯೇ ಅಲ್ಲವೇ? ಹಾಗೆ ಉಚ್ಚರಿಸಿ ನೋಡಿ, ಗೊಬ್ಬರ ದೂರ ಸರಿಯುತ್ತದೆ.

ತುಡುವೆ

ಶಿರಸಿಯ ಕಡೆ ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಜೇನುಪೆಟ್ಟಿಗೆ ಇಡುತ್ತಿದ್ದೇವೆ. ಆದ್ದರಿಂದ ಜೇನನ್ನು ಇಷ್ಟು ಸುಲಭವಾಗಿ ಈ ಹೆಸರಿನಿಂದ ಹೊರಗೆ ಹಾಕುವುದನ್ನು ನಾನು ಒಪ್ಪಲಾರೆ. ಸಂತಳ ಕಥೆಯನ್ನು ನಾನೂ ಓದಿದ್ದೇನೆ: ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದ ಕಳ್ಳರ ಮೇಲೆ ಅವಳು ಜೇನುಹಿಂಡನ್ನು ಬಿಟ್ಟು ಊರಿನ ದನಗಳನ್ನು ಉಳಿಸಿಕೊಟ್ಟಳು. ಕರ್ನಾಟಕದ ಊರೂರಿನಲ್ಲಿಯೂ ತುರುಗಾಳಗದ ವೀರಗಲ್ಲುಗಳಿವೆ; ದನಗಳಿಗಾಗಿ ಹೋರಾಡಿ ಸತ್ತವರನ್ನು ಕಲ್ಲಿನಲ್ಲಿ ಕಡೆದು ನಿಲ್ಲಿಸಿದ ಜನ ನಾವು. ಅಲ್ಲಿಯೂ ತುರುಗೋಳು ಇತ್ತು ಎಂಬುದನ್ನು ಓದಿದಾಗ ಆ ಹೆಂಗಸು ನಮ್ಮೂರಿನವಳೇ ಎನಿಸಿತು. ಹೆಜ್ಜೇನು ಎದ್ದಾಗ ಮನುಷ್ಯ ಹೇಗೆ ಓಡುತ್ತಾನೆ ಎಂಬುದನ್ನು ನೋಡಿದವರಿಗೆ ಈ ಕಥೆ ಉತ್ಪ್ರೇಕ್ಷೆ ಎನಿಸುವುದಿಲ್ಲ.

ಇನ್ನೊಂದು ವಿಚಾರ. ಲೋಹದ ಕೆಲಸಕ್ಕೂ ಜೇನಿಗೂ ಹಳೆಯ ಸಂಬಂಧವಿದೆ. ಕಂಚಿನ ಎರಕಕ್ಕೆ ಮೊದಲು ಜೇನುಮೇಣದಲ್ಲಿ ರೂಪ ತಿದ್ದಿ, ಮಣ್ಣು ಮೆತ್ತಿ, ಮೇಣ ಕರಗಿಸಿ, ಆ ಜಾಗಕ್ಕೆ ಲೋಹ ಹೊಯ್ಯುತ್ತಾರೆ. ಮೇಣ ಬೇಕಾದವನಿಗೆ ಜೇನುಗೂಡೂ ಬೇಕು. ಕುಲುಮೆಯವಳೇ ಜೇನಿನವಳಾಗಿದ್ದಿರಲು ಇದು ಕಾರಣವಾಗಿರಬಾರದೇ?

ಪದಮೂಲ

ತುಡುವೆಯವರೇ, ನಿಮ್ಮ ಮೇಣದ ವಿಚಾರವನ್ನು ಓದಿ ಬಹಳ ಹೊತ್ತು ಯೋಚಿಸಿದೆ. ಅದು ಸುಂದರವಾದ ಊಹೆ. ಆದರೆ ಮೇಣದ ಅಚ್ಚು ಬೇಕಾಗುವುದು ಕಂಚು, ಹಿತ್ತಾಳೆಗಳ ಎರಕಕ್ಕೆ. ಆ ಕಾಲದ ಐರಿಷ್ ಕಮ್ಮಾರರು ಕಬ್ಬಿಣವನ್ನು ಎರಕ ಹೊಯ್ಯುತ್ತಿರಲಿಲ್ಲ, ಕಾಯಿಸಿ ಬಡಿಯುತ್ತಿದ್ದರು. ಆದ್ದರಿಂದ ಹೆಸರಿನ ಅರ್ಥವನ್ನು ಈ ಊಹೆಯ ಮೇಲೆ ನಿಲ್ಲಿಸಲು ನನಗೆ ಧೈರ್ಯವಿಲ್ಲ. ಜೇನಿಗೆ ಅಲ್ಲಿನ ಬದುಕಿನಲ್ಲಿ ದೊಡ್ಡ ಸ್ಥಾನವಿತ್ತು ಎಂಬುದಕ್ಕೆ ಬೇರೆ ಆಧಾರವಿದೆ. ಐರ್ಲೆಂಡಿನಲ್ಲಿ 7ನೆಯ ಶತಮಾನದಷ್ಟು ಹಿಂದೆಯೇ ಜೇನಿಗಾಗಿ ಪ್ರತ್ಯೇಕ ನ್ಯಾಯಶಾಸ್ತ್ರವನ್ನು ಬರೆದಿದ್ದರು. ಹಿಂಡು ಎದ್ದು ಪಕ್ಕದವನ ಜಮೀನಿನಲ್ಲಿ ಕೂತರೆ ಯಾರಿಗೆ ಎಷ್ಟು ಪಾಲು, ಜೇನು ಕಚ್ಚಿದರೆ ಪರಿಹಾರವೇನು ಎಂಬುದೆಲ್ಲ ಅದರಲ್ಲಿದೆ.

ಜೇನಿನ ಅರ್ಥವೇ ಬೇಕೆನ್ನುವವರಿಗೆ ಐರಿಷಿನಲ್ಲಿ ಬೇರೊಂದು ಹೆಸರಿದೆ. ಮೇವ್ ಎಂಬುದರ ಹಳೆಯ ರೂಪ ‘ಮೆದ್ವ್’, ‘ಅಮಲೇರಿಸುವವಳು’ ಎಂದು ಅದರ ಅರ್ಥ. ದನಗಳ ದೊಡ್ಡ ದಾಳಿಯ ಕಥೆಯಲ್ಲಿ ಬರುವ ಕಾನಾಕ್ಟ್ ಪ್ರಾಂತ್ಯದ ರಾಣಿ ಅವಳು. ಆ ಹೆಸರಿನ ಬೇರು ಜೇನಿನಿಂದ ಮಾಡುವ ಮದ್ಯದ ಹೆಸರಿಗೂ, ಸಂಸ್ಕೃತದ ‘ಮಧು’ವಿಗೂ ಸಂಬಂಧಿ. ಕನ್ನಡದ ‘ಜೇನು’ ಬೇರೆ ವಂಶದ್ದು, ತಮಿಳಿನ ‘ತೇನ್’ ಅದರ ಒಡಹುಟ್ಟು. ಎಂದರೆ ನಮ್ಮ ಮಧುಮತಿಗೆ ಐರ್ಲೆಂಡಿನಲ್ಲಿ ದೂರದ ಅಕ್ಕನೊಬ್ಬಳಿದ್ದಾಳೆ, ಆದರೆ ಅವಳು ಗೊಬ್ನಿಟ್ ಅಲ್ಲ.

ಕರೆಯುವ ಬಗೆಯ ಬಗ್ಗೆಯೂ ಒಂದು ಮಾತು, ಇದು ತಾಯಿಗೆ ಉಪಯೋಗವಾಗಬಹುದು. ಕನ್ನಡದಲ್ಲಿ ಕೂಗಿ ಕರೆಯುವಾಗ ಹೆಸರಿನ ಕೊನೆ ಎಳೆಯುತ್ತದೆ: ‘ರಾಮಾ’, ‘ಗೌರೀ’. ಐರಿಷಿನಲ್ಲಿ ಹೆಸರಿನ ಮೊದಲು ಬದಲಾಗುತ್ತದೆ. ಹೆಸರಿನ ಮುಂದೆ ‘ಅ’ ಎಂಬ ಕಿರುಪದ ಬಂದು, ಗಕಾರ ಗಂಟಲಿನ ಆಳಕ್ಕೆ ಇಳಿದು, ಉಜ್ಜಿದಂತೆ ಮೃದುವಾಗಿ ಹೊರಡುತ್ತದೆ. ಕನ್ನಡ ಲಿಪಿಯಲ್ಲಿ ‘ಅ ಘೊಬ್ನಿಟ್’ ಎಂದು ಬರೆದರೂ ಅದು ನಮ್ಮ ಮಹಾಪ್ರಾಣವಲ್ಲ. ಕೊನೆಯ ಟಕಾರವೂ ನಮ್ಮದಲ್ಲ. ನಾಲಿಗೆ ಅಂಗುಳಿನ ಕಡೆಗೆ ಎದ್ದು, ಟಕಾರ ಚಕಾರಗಳ ನಡುವೆ ಒಂದು ಮೆದು ಸದ್ದಾಗುತ್ತದೆ. ಬ್ಯಾಲಿವೂರ್ನಿಯಲ್ಲಿ ಸಂತಳಿಗೆ ಹೇಳುವ ಪ್ರಾರ್ಥನೆಯಲ್ಲಿ ಅವಳನ್ನು ಕರೆಯುವುದು ಈ ರೂಪದಿಂದಲೇ.

ಕಾರ್ಕ್ ಕನ್ನಡತಿ

ಎಲ್ಲರಿಗೂ ಕೃತಜ್ಞತೆಗಳು. ನಿಮ್ಮ ಉತ್ತರಗಳನ್ನು ಅತ್ತೆಯವರಿಗೆ ಫೋನಿನಲ್ಲಿ ಓದಿ ಹೇಳಿದೆ. ಕಳೆದ ಭಾನುವಾರ ಪಕ್ಕದ ಮನೆಯವರನ್ನೂ ಕರೆದುಕೊಂಡು, ಮಗುವಿನೊಡನೆ ಬ್ಯಾಲಿವೂರ್ನಿಗೆ ಹೋಗಿಬಂದೆವು.

ಸಮಾಧಿಭೂಮಿಯ ಪಕ್ಕದ ಇಳಿಜಾರಿನಲ್ಲಿ ಶೇಮಸ್ ಮರ್ಫಿ ಎಂಬ ಶಿಲ್ಪಿ 1951ರಲ್ಲಿ ಕಡೆದ ಗೊಬ್ನಿಟ್‌ಳ ವಿಗ್ರಹವಿದೆ. ಸಂನ್ಯಾಸಿನಿಯ ಉಡುಪಿನಲ್ಲಿ ಜೇನುಗೂಡಿನ ಮೇಲೆ ನಿಂತಿದ್ದಾಳೆ, ಕಾಲ ಬಳಿ ಕಲ್ಲಿನ ಜೇನ್ನೊಣಗಳಿವೆ. ಅದರ ಹತ್ತಿರವೇ ಪದಮೂಲ ಅವರು ಹೇಳಿದ ದುಂಡು ಮನೆಯ ಗೋಡೆ. ಆ ಕಲ್ಲುಗಳ ಮೇಲೆ ಭಕ್ತರು ಸಣ್ಣ ಹರಳಿನಿಂದ ಉಜ್ಜಿ ಉಜ್ಜಿ ಶಿಲುಬೆಯ ಗುರುತನ್ನು ಬೆರಳು ಕೂರುವಷ್ಟು ಆಳ ಮಾಡಿದ್ದಾರೆ. ನಮ್ಮ ಹಿರಿಯರೂ ಹರಳೊಂದನ್ನು ಎತ್ತಿಕೊಂಡು ಮೂರು ಬಾರಿ ಗೀಚಿ, ಮುಂದಿನವರಿಗೆಂದು ಅಲ್ಲಿಯೇ ಇಟ್ಟರು. ಕಲ್ಲಿನ ಪುಡಿ ಅವರ ಬೆರಳಿಗೆ ಹಿಟ್ಟಿನಂತೆ ಅಂಟಿತ್ತು. ಒಂದೇ ಇಳಿಜಾರಿನಲ್ಲಿ ಜೇನೂ ಇದೆ, ಕುಲುಮೆಯೂ ಇದೆ ಎಂಬುದನ್ನು ತುಡುವೆಯವರಿಗೆ ವಿಶೇಷವಾಗಿ ತಿಳಿಸುತ್ತಿದ್ದೇನೆ. ನಗರದ ಹೋನನ್ ಚಾಪೆಲ್‌ನಲ್ಲಿಯೂ ಹ್ಯಾರಿ ಕ್ಲಾರ್ಕ್ ರಚಿಸಿದ ಬಣ್ಣದ ಗಾಜಿನ ಕಿಟಕಿಯಲ್ಲಿ ಅವಳು ಜೇನ್ನೊಣಗಳ ನಡುವೆ ನಿಂತಿದ್ದಾಳೆ. ಆರು ವರ್ಷ ಅದೇ ದಾರಿಯಲ್ಲಿ ಓಡಾಡಿದರೂ ನಾನು ಒಳಗೆ ಹೋಗಿ ನೋಡಿರಲಿಲ್ಲ.

ರಿಬ್ಬನ್ನಿನ ವಿಚಾರ ಅಂದು ತಿಳಿಯಿತು. 13ನೆಯ ಶತಮಾನದ್ದೆಂದು ಹೇಳುವ ಗೊಬ್ನಿಟ್‌ಳ ಮರದ ವಿಗ್ರಹವೊಂದನ್ನು ಹಬ್ಬದ ದಿನ ಚರ್ಚಿನಲ್ಲಿ ಹೊರಗಿಡುತ್ತಾರೆ. ಜನ ಸಾಲಾಗಿ ಬಂದು, ತಂದ ರಿಬ್ಬನ್ನನ್ನು ಅದರ ಉದ್ದಕ್ಕೂ ಸುತ್ತಳತೆಗೂ ಹಿಡಿದು ಅಳೆದು ಮನೆಗೆ ಒಯ್ಯುತ್ತಾರೆ. ವರ್ಷವಿಡೀ ಕಾಯಿಲೆಯವರ ಬಳಿ, ಬಸುರಿಯರ ಬಳಿ, ಈಯುವ ಹಸುವಿನ ಬಳಿ ಅದನ್ನು ಇಡುತ್ತಾರೆ. ಈ ಹಬ್ಬಕ್ಕೆ ಬಂದು ಪ್ರಾರ್ಥಿಸುವವರಿಗೆ 1601ರಲ್ಲಿಯೇ ಪೋಪ್ 8ನೆಯ ಕ್ಲೆಮೆಂಟ್ ವಿಶೇಷ ಪಾಪಪರಿಹಾರವನ್ನು ಘೋಷಿಸಿದ್ದರಂತೆ. ನನ್ನ ದಿಂಬಿನ ಕೆಳಗಿದ್ದ ರಿಬ್ಬನ್ ಹಿಂದಿನ ವರ್ಷದ ಹಬ್ಬದಲ್ಲಿ ಅಳೆದು ತಂದದ್ದು.

ಹಿಂದಿರುಗುವಾಗ ಕಾರಿನಲ್ಲಿ ಅವರು ಇನ್ನೊಂದು ಮಾತು ಹೇಳಿದರು. ಅವರ ಅಜ್ಜಿಗೆ ಗೊಬ್ನಿಟ್ ಎಂದೇ ಹೆಸರಂತೆ, ಆದರೆ ಶಾಲೆಯ ದಾಖಲೆಯಲ್ಲಿಯೂ ಮದುವೆಯ ದಾಖಲೆಯಲ್ಲಿಯೂ ಅಬಿಗೇಲ್. ಸಮಾಧಿಯ ಕಲ್ಲಿನ ಮೇಲೂ ಅಬಿಗೇಲ್ ಎಂದೇ ಕೆತ್ತಿಸಿದ್ದಾರೆ. ಆ ಹೆಸರಿನಿಂದ ಅಜ್ಜಿಯನ್ನು ಯಾರೂ ಕರೆದದ್ದನ್ನು ಅವರು ಕೇಳಿಲ್ಲ.

ಆದ್ದರಿಂದ ಅಬಿಗೇಲ್ ಬೇಡ ಎಂದು ನಿರ್ಧರಿಸಿದ್ದೇವೆ. ‘ಕಮ್ಮಾರರ ಪುಟ್ಟಿ’ ಎಂಬ ಅರ್ಥವನ್ನು ಕೇಳಿ ಅತ್ತೆಯವರು ಏನೆನ್ನುವರೋ ಎಂದು ಅಳುಕಿತ್ತು. ‘ನೇಗಿಲಿಗೆ ಗುಳ ಮಾಡಿಕೊಡುವವರ ಹೆಸರು, ಅದಕ್ಕಿಂತ ಒಳ್ಳೆಯದು ಯಾವುದಿದೆ’ ಎಂದರು. ಈಗ ನಾಮಕರಣದ ಕನ್ನಡ ಆಹ್ವಾನಪತ್ರಿಕೆ ಅಚ್ಚಿಗೆ ಹೋಗಬೇಕು. ಗಾಬ್ನೇಟ್ ಎಂದು ಬರೆಯಬೇಕೋ, ಗೊಬ್ನಿಟ್ ಎಂದೋ, ಗೊಬನಿಟ್ ಎಂದೋ, ತಿಳಿಸಿ.

ಪದಮೂಲ

‘ಗಾಬ್ನೇಟ್’ ಖಂಡಿತ ಬೇಡ. ಅದು Gobnait ಎಂಬ ರೋಮನ್ ಅಕ್ಷರಗಳನ್ನು ಇಂಗ್ಲಿಷಿನ ರೂಢಿಯಲ್ಲಿ ಓದಿದ್ದರ ಫಲ. ಐರಿಷ್ ಬರವಣಿಗೆಯಲ್ಲಿ ಕೊನೆಯ ಟಕಾರದ ಹಿಂದಿರುವ ಇಕಾರ ಆ ವ್ಯಂಜನ ಮೆದುವೆಂದು ಸೂಚಿಸುತ್ತದೆ, ಅದರಿಂದ ‘ಏ’ ಎಂಬ ದೀರ್ಘ ಬರುವುದಿಲ್ಲ. ಜನನ ನೋಂದಣಿಯಲ್ಲಿ ಐರಿಷ್ ಕಾಗುಣಿತವನ್ನೇ ಉಳಿಸಿಕೊಳ್ಳಿ, ಕನ್ನಡ ಪತ್ರಿಕೆಯಲ್ಲಿ ‘ಗೊಬನಿಟ್’ ಎಂದು ಬರೆಯಿಸಿ. ಊರಿನಲ್ಲಿ ಓದುವವರು ತಮಗೆ ತಿಳಿಯದೆಯೇ ಬ್ಯಾಲಿವೂರ್ನಿಯ ಹಳಬರಂತೆ ಉಚ್ಚರಿಸುತ್ತಾರೆ.

ತುಡುವೆ

ಪತ್ರಿಕೆಯ ಮೂಲೆಯಲ್ಲಿ ಒಂದು ಜೇನ್ನೊಣದ ಚಿತ್ರಕ್ಕೆ ಜಾಗವಿದ್ದರೆ ಹಾಕಿಸಿ. ನಾಮಕರಣಕ್ಕೆ ಊರಿಗೆ ಬರುವುದಾದರೆ ಮಗುವಿನ ನಾಲಿಗೆಗಲ್ಲ, ಅಷ್ಟು ಎಳೆಯ ಕೂಸಿಗೆ ಜೇನು ಕೊಡಬಾರದು. ಮನೆಯವರಿಗೆ ಒಂದು ಸೀಸೆ ತುಡುವೆ ತುಪ್ಪವನ್ನು ನಾನು ತಲುಪಿಸುತ್ತೇನೆ.